ಊರಾಚೆಯ ಗುಡಿಸಲು

ಪ್ಲೇಗು ಎಂಬ ಹೆಸರನ್ನು ನಿಮ್ಮ ಮನೆಯ ಹಿರಿಯರ ಬಾಯಿಂದ ನೀವು ಕೇಳಿರಬಹುದು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಆ ಮಾರಿ ಮುಂದಿನ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಊರೂರಿಗೂ ಹಬ್ಬಿತು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಸಾಕು, ಜನರು ಬಾಗಿಲಿಗೆ ಬೀಗವಿಕ್ಕಿ, ಪಾತ್ರೆ ಪಡಗ ಹೊತ್ತು, ಊರಾಚೆಯ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು ಬಾಳುತ್ತಿದ್ದರು. ಇದು ಬರಿಯ ಭಯವಲ್ಲ, ವಿವೇಕವೂ ಹೌದು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ. ಇಲಿಯಿದ್ದ ಮನೆಯನ್ನು ಬಿಟ್ಟವರಲ್ಲಿ ಅನೇಕರು ಬದುಕಿಕೊಂಡರು.

ಮುಕ್ಕಾಲು ಶತಮಾನಕ್ಕೂ ಮೀರಿದ ಮೇಲೆ ಇನ್ನೊಂದು ರೋಗ ಬಂದಿತು. ಅದಕ್ಕೂ ನಾವು ಅದೇ ಗುಡಿಸಲನ್ನು ಕಟ್ಟಿದೆವು. ಆದರೆ ಈ ಸಲ ಊರೆಲ್ಲ ಹೊರಗೆ ಹೋಗಲಿಲ್ಲ. ರೋಗಿಯೊಬ್ಬನನ್ನೇ ಹೊರಗೆ ಕಳುಹಿಸಿತು. ಅದರಿಂದ ಒಬ್ಬನ ಪ್ರಾಣವೂ ಉಳಿಯಲಿಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಏಡ್ಸ್ ರೋಗದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

1981ರ ಜೂನ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಐವರು ತರುಣರಿಗೆ ಅಪರೂಪದ ಶ್ವಾಸಕೋಶದ ರೋಗ ತಗುಲಿದ ವರದಿ ಪ್ರಕಟವಾಯಿತು. ಆರೋಗ್ಯವಂತರನ್ನು ಸಾಮಾನ್ಯವಾಗಿ ಮುಟ್ಟದ ರೋಗವದು. ದೇಹದ ಕಾವಲು ಶಕ್ತಿಯೇ ಕುಂದಿತ್ತು. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಇದರ ಮೂಲವಾದ ವೈರಸನ್ನು ಕಂಡುಹಿಡಿದರು. ಅದೇ ಎಚ್.ಐ.ವಿ. ಅದು ರಕ್ತದ ಕಾವಲು ಕಣಗಳನ್ನು ವರ್ಷಗಟ್ಟಲೆ ಸದ್ದಿಲ್ಲದೆ ಸವೆಸುತ್ತದೆ. ಕಾವಲು ಪೂರ್ತಿ ಕುಸಿದ ಸ್ಥಿತಿಯೇ ಏಡ್ಸ್. ಸೋಂಕು ತಗುಲಿದವರೆಲ್ಲರೂ ಏಡ್ಸ್ ರೋಗಿಗಳಲ್ಲವೆಂಬುದನ್ನು ದಯವಿಟ್ಟು ಗಮನಿಸಿ.

ಇದು ಹೊರದೇಶದ ರೋಗವೆಂಬ ನೆಮ್ಮದಿ ನಮ್ಮಲ್ಲಿ ಬಹುಕಾಲ ಉಳಿಯಲಿಲ್ಲ. 1986ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಪರೀಕ್ಷೆಗಾಗಿ ವೆಲ್ಲೂರಿಗೆ ಒಯ್ದರು. ಕೆಲವು ಮಾದರಿಗಳಲ್ಲಿ ಸೋಂಕು ಕಂಡಿತು. ಭಾರತದಲ್ಲಿ ರೋಗದ ಇರವು ಸ್ಥಿರಪಟ್ಟುದು ಹೀಗೆ. ಮುಂದೆ ಹೆಚ್ಚು ಸೋಂಕಿನ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು ಎಣಿಕೆಯಾಯಿತು.

ಬೆಂಗಳೂರು–ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣವನ್ನೂ ಹಾಸನವನ್ನೂ ಹಾಯ್ದು ಘಟ್ಟವಿಳಿಯುತ್ತದೆ. ಹಾಸನದ ಆಲೂಗಡ್ಡೆ, ಅರಕಲಗೂಡಿನ ಹೊಗೆಸೊಪ್ಪು ದೂರದೂರುಗಳಿಗೆ ಹೋಗುತ್ತವೆ. ಹೊಳೆನರಸೀಪುರದ ಮಕ್ಕಳು ದುಡಿಮೆಗೆಂದು ನಗರ ಸೇರುತ್ತಾರೆ. ಹೀಗಿರಲು ಯಾವ ಊರೂ ಲೋಕದಿಂದ ಬೇರೆಯಲ್ಲ. ಹಾಗೆಂದು ಲಾರಿಯ ಚಾಲಕನನ್ನೋ ಕೂಲಿಗೆ ಹೋದವನನ್ನೋ ದೂರಬೇಡಿ. ವೈರಸು ಕಸುಬನ್ನು ನೋಡಿ ಬರುವುದಿಲ್ಲ. ಅದಕ್ಕೆ ಇರುವ ದಾರಿಗಳು ಕೆಲವೇ: ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಒಬ್ಬರು ಬಳಸಿದ ಸೂಜಿ, ಮತ್ತು ತಾಯಿಯಿಂದ ಮಗುವಿಗೆ—ಗರ್ಭದಲ್ಲಿ, ಹೆರಿಗೆಯಲ್ಲಿ, ಇಲ್ಲವೆ ಮೊಲೆಹಾಲಿನಲ್ಲಿ. ಮನೆಯ ಹೊಸಲು ದಾಟದ ಗೃಹಿಣಿಗೂ ಗಂಡನಿಂದ ಸೋಂಕು ಬಂದುದುಂಟು. ಅವಳ ಮೇಲೆ ಬಿದ್ದ ಅಪವಾದ ಮಾತ್ರ ರೋಗಕ್ಕಿಂತ ಕ್ರೂರವಾಗಿತ್ತು.

ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಕೈ ಹಿಡಿಯುವುದರಿಂದ, ಒಂದೇ ಬಾವಿಯ ನೀರಿನಿಂದ, ಕೆಮ್ಮಿನಿಂದ, ಸೊಳ್ಳೆಯ ಕಡಿತದಿಂದ ಇದು ಹರಡುವುದಿಲ್ಲ. ಆದುದರಿಂದಲೇ ಊರಾಚೆಯ ಗುಡಿಸಲು ಇಲ್ಲಿ ನಿರರ್ಥಕ. ನಿರರ್ಥಕ ಮಾತ್ರವಲ್ಲ, ಅಪಾಯಕರ. ಹೊರಹಾಕುವರೆಂಬ ಅಂಜಿಕೆಯಿಂದ ಜನ ಪರೀಕ್ಷೆಗೆ ಹೋಗಲಿಲ್ಲ, ಪರೀಕ್ಷೆಯಿಲ್ಲದೆ ತಿಳಿಯಲಿಲ್ಲ, ತಿಳಿಯದೆ ಇನ್ನೊಬ್ಬರಿಗೆ ದಾಟಿಸಿದರು.

ಔಷಧದ ಕಥೆ ಭರವಸೆಯದು. 1987ರಲ್ಲಿ ಮೊದಲ ಔಷಧ ಬಂದಿತು. 1996ರ ವೇಳೆಗೆ ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ವೈರಸು ಅಡಗುತ್ತದೆಂಬುದು ಸಿದ್ಧವಾಯಿತು. ಆದರೆ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಸುಮಾರು! 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಅದನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಮೆಗೆ ಕೊಡಲು ಮುಂದೆ ಬಂದಿತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡತೊಡಗಿತು. ಮೊದಮೊದಲು ಕೆಲವೇ ನಗರಗಳಲ್ಲಿದ್ದ ಎ.ಆರ್.ಟಿ. ಚಿಕಿತ್ಸೆ ಇಂದು ಹಾಸನದಲ್ಲಿಯೇ ದೊರೆಯುತ್ತದೆ. ಸಮಾಲೋಚನೆ ಮತ್ತು ಪರೀಕ್ಷೆ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿವೆ.

ಈ ಔಷಧ ವೈರಸನ್ನು ಬೇರುಸಹಿತ ಕೀಳುವುದಿಲ್ಲ, ನಿಜ. ದಿನ ತಪ್ಪದೆ ಜೀವನಪರ್ಯಂತ ಸೇವಿಸಬೇಕು. ಆದರೆ ಹಾಗೆ ಸೇವಿಸಿ ರಕ್ತದಲ್ಲಿ ವೈರಸು ಕಾಣದಷ್ಟು ಅಡಗಿ, ಹಾಗೆಯೇ ಉಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಗರ್ಭಿಣಿ ಸಕಾಲದಲ್ಲಿ ಔಷಧ ತೆಗೆದುಕೊಂಡರೆ ಸೋಂಕಿಲ್ಲದ ಮಗುವನ್ನು ಹೆರಬಲ್ಲಳು. ಇನ್ನು ಉಳಿದವರ ರಕ್ಷಣೆಗೆ ಕಾಂಡೋಮು, ಹೊಸ ಸೂಜಿ, ಪರೀಕ್ಷಿಸಿದ ರಕ್ತ—ಇವೇ ಸಾಧನಗಳು. ಅಪಾಯದ ಸಂಪರ್ಕವಾಗಿದೆಯೆಂದು ಶಂಕೆಯಿದ್ದರೆ 72 ಗಂಟೆಗಳೊಳಗೆ ವೈದ್ಯರನ್ನು ಕಾಣಬೇಕು; ಸೋಂಕು ತಡೆಯುವ ಔಷಧವುಂಟು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಕ್ಕದಿರಬಹುದು. ವೈದ್ಯರು ಹೇಳಿದರೆ ಮತ್ತೆ ಪರೀಕ್ಷಿಸಿಕೊಳ್ಳಬೇಕು.

2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾನೂನು, ಸೋಂಕಿತರನ್ನು ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಅನ್ಯಾಯವಾಗಿ ಹೊರಹಾಕುವುದನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. 1097 ಎಂಬ ಸಂಖ್ಯೆಗೆ ಫೋನು ಮಾಡಿದರೆ ಉಚಿತ ಸಲಹೆ ದೊರೆಯುತ್ತದೆ.

ಕಾನೂನು ಬೀದಿಯವರೆಗೆ ಬರುತ್ತದೆ. ಮನೆಯ ಒಳಗೆ ಬರಬೇಕಾದುದು ನಿಮ್ಮ ಮನಸ್ಸು. ಪ್ಲೇಗಿನ ಕಾಲದಲ್ಲಿ ಮನೆ ಬಿಟ್ಟವರು ಉಳಿದರು. ಈ ರೋಗದಲ್ಲಿ, ಮನೆಯಲ್ಲಿ ಇರಗೊಟ್ಟವರು ಉಳಿಯುತ್ತಾರೆ.