ದ್ವಿರಾಜ್ಯಸೀಮೆಯ ಕೆರೆ: ಪೋರುಮಾಮಿಳ್ಳ ಶಾಸನದ ಒಂದು ದೋಷವಿಚಾರ

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಎರಡು ಶಿಲಾಫಲಕಗಳ ಮೇಲೆ ಕೆತ್ತಿರುವ ಸಂಸ್ಕೃತ ಶಾಸನವೊಂದುಂಟು. ಅದರ ಕಾಲವು ಶಕ ವರ್ಷ ೧೨೯೧, ಎಂದರೆ ಕ್ರಿ. ಶ. ೧೩೬೯. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನೂ ಉದಯಗಿರಿಯಲ್ಲಿದ್ದುಕೊಂಡು ರಾಜ್ಯದ ಪೂರ್ವಭಾಗವನ್ನು ಆಳುತ್ತಿದ್ದವನೂ ಆದ ಭಾಸ್ಕರನು (ಇವನಿಗೆ ಭವದೂರನೆಂಬ ಹೆಸರೂ ಇದ್ದಿತು) ಅಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಈ ಶಾಸನವು ತಿಳಿಸುತ್ತದೆ. ವಿ. ಎಸ್. ಸುಖಟಣಕರರು ಇದನ್ನು ಎಪಿಗ್ರಾಫಿಯಾ ಇಂಡಿಕಾದ ೧೪ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದ ಮೇಲೆ ಇದು ವಿದ್ವಾಂಸರ ಗಮನಕ್ಕೆ ಬಂದಿದೆ. ಆದರೆ ಇದನ್ನು ಉದಾಹರಿಸುವವರು ಪ್ರಾಯಶಃ ಅದರ ರಾಜವಂಶಾವಳಿಯನ್ನಾಗಲಿ, ಸಾವಿರ ಜನ ಕೂಲಿಯವರೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂಬ ವರ್ಣನೆಯನ್ನಾಗಲಿ ಎತ್ತಿಕೊಂಡು ಅಷ್ಟಕ್ಕೇ ತೃಪ್ತರಾಗುವುದುಂಟು. ಶಾಸನದ ನಿಜವಾದ ಸಾರವಿರುವುದು, ಅದು ಕೆರೆಗೆ ಹೇಳುವ ಹನ್ನೆರಡು ಸಾಧನಗಳಲ್ಲಿಯೂ ಆರು ದೋಷಗಳಲ್ಲಿಯೂ. ಅದರಲ್ಲಿಯೂ ಮೂರನೆಯ ದೋಷದಲ್ಲಿ.

ಸಾಧನಗಳನ್ನು ಎಣಿಸುವ ಕ್ರಮವೇ ವಿಚಾರಾರ್ಹವಾದುದು. ಮೊದಲನೆಯದು ಧರ್ಮಿಷ್ಠನೂ ಧನವಂತನೂ ಕೀರ್ತಿಕಾಮನೂ ಆದ ದೊರೆ. ಎರಡನೆಯದು ಪಾಥಶ್ಶಾಸ್ತ್ರವನ್ನು ಬಲ್ಲ ಬ್ರಾಹ್ಮಣ. ಪಾಥಸ್ಸೆಂದರೆ ನೀರು, ಆದುದರಿಂದ ಇದು ಜಲಶಾಸ್ತ್ರವೆಂಬುದು ಸ್ಪಷ್ಟ. ಗಟ್ಟಿಯಾದ ಜೇಡಿಮಣ್ಣಿನ ನೆಲ, ಮೂರು ಯೋಜನ ದೂರದಿಂದ ಹರಿದುಬರುವ ಸಿಹಿನೀರಿನ ನದಿ, ಆ ನದಿಗೆ ತಾಗಿದ ಬೆಟ್ಟ, ಬೆಟ್ಟದ ಎರಡು ಭಾಗಗಳ ನಡುವೆ ಅತಿ ಉದ್ದವಲ್ಲದ, ಒತ್ತಾಗಿ ಕಟ್ಟಿದ ಕಲ್ಲಿನ ಏರಿ, ಅಗಲವೂ ಆಳವೂ ಉಳ್ಳ ಕೆರೆಯಂಗಳ, ಉದ್ದನೆಯ ನೇರವಾದ ಕಲ್ಲು ದೊರೆಯುವ ಗಣಿ, ನೆರೆಯಲ್ಲಿ ಸಮತಟ್ಟಾದ ಫಲವತ್ತಾದ ಗದ್ದೆ ಮುಂತಾದುವು ಅನಂತರ ಬರುತ್ತವೆ. ಕಟ್ಟುವುದರಲ್ಲಿ ನುರಿತ ಕೆಲಸಗಾರರ ಗುಂಪು ಕಟ್ಟಕಡೆಯದು. ದೊರೆಯಿಂದ ಮೊದಲಾಗಿ ಒಡ್ಡನ ವರೆಗೆ ಬರುವ ಈ ಪಟ್ಟಿಯಲ್ಲಿ ಕವಿಸಮಯವೆಂಬುದು ಲೇಶಮಾತ್ರವೂ ಇಲ್ಲ. ಏರಿಯು ಅತಿ ಉದ್ದವಾಗಿರಬಾರದೆಂಬ ಮಾತನ್ನು ಬರೆದವನು ಖರ್ಚಿನ ಲೆಕ್ಕವನ್ನು ನೋಡಿದವನೇ ಸರಿ. ಪೋರುಮಾಮಿಳ್ಳದ ಕೆರೆಯ ಏರಿಯೂ ಹಾಗೆಯೇ ಇದೆ. ಗುಡ್ಡಗಳೇ ಅದರ ಬಹುಭಾಗವಾಗಿದ್ದು, ಅವುಗಳ ನಡುವಣ ಸಂದುಗಳನ್ನು ಮಾತ್ರ ಕಟ್ಟಿ ಮುಚ್ಚಿದ್ದಾರೆ.

ಇನ್ನು ದೋಷಗಳು. ಏರಿಯಿಂದ ನೀರು ಜಿನುಗುವುದು ಒಂದು. ಚೌಳು ನೆಲ ಎರಡು. ಎರಡು ರಾಜ್ಯಗಳ ಸೀಮೆಯಲ್ಲಿ ಕೆರೆಯಿರುವುದು ಮೂರು. ಕೆರೆಯ ನಡುವೆ ಕೂರ್ಮದಂತೆ ಉಬ್ಬಿದ ನೆಲವಿರುವುದು ನಾಲ್ಕು. ನೀರು ಅಲ್ಪವಾಗಿ ಗದ್ದೆಯು ವಿಸ್ತಾರವಾಗಿರುವುದು ಐದು. ಗದ್ದೆಯು ಅಲ್ಪವಾಗಿ ನೀರು ಅತಿಯಾಗಿರುವುದು ಆರು. ಇವುಗಳಲ್ಲಿ ಐದು, ನೆಲ ನೀರುಗಳನ್ನು ಕುರಿತುವು. ಕಣ್ಣಿನಿಂದ ನೋಡಿ, ಹಗ್ಗದಿಂದ ಅಳೆದು ತಿಳಿಯಬಹುದಾದುವು. ಮೂರನೆಯದೊಂದು ಮಾತ್ರ ಬೇರೆ ಜಾತಿಯದು. ಸೀಮೆಯೆಂಬುದು ನೆಲದಲ್ಲಿಲ್ಲ, ಅದು ಅರಸರ ಬುದ್ಧಿಯಲ್ಲಿದೆ. ಮಣ್ಣು ಗಟ್ಟಿ, ನೀರು ಸಿಹಿ, ಬೆಟ್ಟ ಅನುಕೂಲ, ಗದ್ದೆ ಸಮತಟ್ಟು. ಹೀಗೆ ಎಲ್ಲವೂ ಸರಿಯಾಗಿದ್ದರೂ ಅಲ್ಲಿ ಕಟ್ಟಬಾರದೆಂದು ಜಲಶಾಸ್ತ್ರಜ್ಞನು ಏಕೆ ಹೇಳಿದನು?

ಇಲ್ಲಿ ‘ರಾಜ್ಯ’ ಶಬ್ದದ ಅರ್ಥವನ್ನು ಮೊದಲು ನಿಶ್ಚಯಿಸಬೇಕು. ವಿಜಯನಗರದ ಕಾಲದಲ್ಲಿ ಪ್ರಾಂತ್ಯಕ್ಕೂ ರಾಜ್ಯವೆಂಬ ವ್ಯವಹಾರವಿದ್ದಿತು. ಆರಗದ ರಾಜ್ಯ, ಚಂದ್ರಗುತ್ತಿಯ ರಾಜ್ಯ, ಮುಳುವಾಯಿಯ ರಾಜ್ಯ ಎಂಬ ಪ್ರಯೋಗಗಳು ಶಾಸನಗಳನ್ನು ಓದುವವರಿಗೆ ಪರಿಚಿತವಾದುವು. ಭಾಸ್ಕರನು ಆಳುತ್ತಿದ್ದುದೂ ಉದಯಗಿರಿ ರಾಜ್ಯವನ್ನೇ. ಈ ಅರ್ಥವನ್ನು ಹಿಡಿದರೆ, ಒಬ್ಬನೇ ಚಕ್ರವರ್ತಿಯ ಕೆಳಗಿದ್ದರೂ ಇಬ್ಬರು ಅಧಿಕಾರಿಗಳ ನಡುವಣ ಕೆರೆಯು ಕೆಡುವುದೆಂದು ತಾತ್ಪರ್ಯವಾಗುತ್ತದೆ. ಸ್ವತಂತ್ರರಾಜರ ದೇಶವೆಂಬ ಅರ್ಥವನ್ನು ಹಿಡಿದರೆ, ಆ ಕಾಲದ ಯುದ್ಧಗಳು ನೆನಪಿಗೆ ಬರುತ್ತವೆ. ೧೩೬೦ರ ದಶಕದಲ್ಲಿ ಬುಕ್ಕರಾಯನಿಗೂ ಬಹಮನಿ ಸುಲ್ತಾನನಾದ ಮೊದಲನೆಯ ಮಹಮ್ಮದ್ ಷಹನಿಗೂ ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗಾಗಿ ಘೋರವಾದ ಕಾದಾಟ ನಡೆದಿದ್ದಿತು. ಪೂರ್ವದಲ್ಲಿ ಕೊಂಡವೀಡಿನ ರೆಡ್ಡಿಗಳು ಇದ್ದರು. ಲಕ್ಷಣಗಳನ್ನು ಶಾಸ್ತ್ರದಿಂದ ತೆಗೆದುಕೊಂಡಂತೆ ಶಾಸನವು ಹೇಳುವುದರಿಂದ, ಅವು ವಿಜಯನಗರಕ್ಕಿಂತ ಹಳೆಯವಾಗಿರಬೇಕೆಂದು ಊಹಿಸುವುದು ಯುಕ್ತ. ಹಾಗಾದರೆ ಒಂದು ಕಾಲದ ಆಡಳಿತಪರಿಭಾಷೆಯನ್ನು ಅದಕ್ಕೆ ಹೊಂದಿಸುವುದು ಸರಿಯಾಗಲಾರದು. ಎರಡನೆಯ ಅರ್ಥವೇ ಮುಖ್ಯಾರ್ಥ. ಆದರೂ ಉದಯಗಿರಿಯಲ್ಲಿ ಕುಳಿತು ಇದನ್ನು ಓದಿಸಿಕೇಳಿದ ರಾಜಕುಮಾರನಿಗೆ ಮೊದಲನೆಯ ಅರ್ಥವೂ ಹೊಳೆದಿರದೆ ಹೋಗಲಾರದು.

ದೋಷದ ಕಾರಣವನ್ನು ಶಾಸನವು ವಿವರಿಸುವುದಿಲ್ಲ. ಅದನ್ನು ಕೌಟಿಲ್ಯನಲ್ಲಿ ಹುಡುಕಬೇಕು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದ ಧರ್ಮಸ್ಥೀಯಾಧಿಕರಣದಲ್ಲಿ ನೀರಿನ ವ್ಯವಹಾರಗಳು ಬರುತ್ತವೆ. ಹೊಸದಾಗಿ ಕೆರೆಕಟ್ಟೆಗಳನ್ನು ಕಟ್ಟಿದವನಿಗೆ ಐದು ವರ್ಷ, ಒಡೆದುದನ್ನು ಸರಿಮಾಡಿದವನಿಗೆ ನಾಲ್ಕು ವರ್ಷ ಕರದ ವಿನಾಯಿತಿ. ಆಪತ್ತಿಲ್ಲದೆ ಐದು ವರ್ಷ ಕೆರೆಯ ಕೆಲಸವನ್ನು ಬಿಟ್ಟವನಿಗೆ ಸ್ವಾಮ್ಯಹಾನಿ. ಇವುಗಳಿಗಿಂತ ಪ್ರಕೃತಕ್ಕೆ ಬೇಕಾದುದು ಮತ್ತೊಂದು ವಿಧಿ. ಆಮೇಲೆ ಕಟ್ಟಿದ ಕೆಳಗಣ ಕೆರೆಯು ಮೇಲಣ ಕೆರೆಯ ಗದ್ದೆಯನ್ನು ಮುಳುಗಿಸಕೂಡದು. ಮೇಲೆ ಕಟ್ಟಿದ ಕೆರೆಯು ಕೆಳಗಣ ಕೆರೆಗೆ ತುಂಬಿ ಹರಿಯುವ ನೀರನ್ನು ತಡೆಯಕೂಡದು, ಕೆಳಗಣ ಕೆರೆಯ ಕೆಲಸವು ಮೂರು ವರ್ಷ ನಿಂತುಹೋಗಿದ್ದ ಪಕ್ಷದಲ್ಲಿ ಹೊರತು. ಮೇಲಣವರ ಕೆಳಗಣವರ ಜಗಳವನ್ನು ಇಷ್ಟು ಸಂಕ್ಷೇಪವಾಗಿಯೂ ಇಷ್ಟು ನ್ಯಾಯವಾಗಿಯೂ ತೀರಿಸಿದ ಗ್ರಂಥಗಳು ವಿರಳ. ಆದರೆ ಈ ವಿಧಿಯು ನಡೆಯಬೇಕಾದರೆ ಧರ್ಮಸ್ಥನು ಬೇಕು. ಅವನ ತೀರ್ಪನ್ನು ನಡೆಸುವ ದಂಡ ಬೇಕು. ಸೀಮೆಯನ್ನು ದಾಟಿದೊಡನೆ ದಂಡವು ನಿಲ್ಲುತ್ತದೆ. ಮುಳುಗುವ ಹೊಲವು ಒಬ್ಬನದು, ಬೆಳೆಯುವ ಗದ್ದೆಯು ಇನ್ನೊಬ್ಬನದು, ಏರಿಯು ಒಡೆದರೆ ಕಟ್ಟತಕ್ಕವನು ಯಾವನೂ ಅಲ್ಲ. ಹೀಗಾದಾಗ ಕೇಳುವ ಸಭೆಯೇ ಇಲ್ಲ. ಮೂರನೆಯ ದೋಷದ ಹುರುಳು ಇದೇ ಇರಬೇಕು.

ಒಂದೇ ಅಧಿಕಾರವಿದ್ದಾಗಲೂ ಒಡೆದ ಕೆರೆಯನ್ನು ಕಟ್ಟುವುದು ಎಷ್ಟು ಕಷ್ಟವೆಂಬುದಕ್ಕೆ ಗಿರ್ನಾರಿನ ಸುದರ್ಶನ ತಟಾಕವೇ ಸಾಕ್ಷಿ. ಚಂದ್ರಗುಪ್ತ ಮೌರ್ಯನ ರಾಷ್ಟ್ರಿಯನಾದ ಪುಷ್ಯಗುಪ್ತನು ಕಟ್ಟಿಸಿ, ಅಶೋಕನಿಗಾಗಿ ತುಷಾಸ್ಫನು ಕಾಲುವೆಗಳಿಂದ ಅಲಂಕರಿಸಿದ ಆ ಕೆರೆಯು ಕ್ರಿ. ಶ. ೧೫೦ರ ಮಳೆಗಾಳಿಗೆ ಸಿಕ್ಕಿ ೪೨೦ ಮೊಳ ಉದ್ದ, ಅಷ್ಟೇ ಅಗಲ, ೭೫ ಮೊಳ ಆಳ ಒಡೆಯಿತು. ರುದ್ರದಾಮನ ಮಂತ್ರಿಗಳು, ಮತಿಸಚಿವರೂ ಕರ್ಮಸಚಿವರೂ ಕೂಡಿ, ಬಿರುಕಿನ ದೊಡ್ಡತನವನ್ನು ಕಂಡು ಬೇಡವೆಂದರು. ಪ್ರಜೆಗಳು ಹಾಹಾಕಾರ ಮಾಡಿದರು. ಕೊನೆಗೆ ಆನರ್ತ ಸುರಾಷ್ಟ್ರಗಳನ್ನು ಆಳುತ್ತಿದ್ದ ಪಹ್ಲವನಾದ ಸುವಿಶಾಖನೆಂಬ ಅಮಾತ್ಯನು ಕೆಲಸವನ್ನು ನಡೆಸಿದನು. ಹೊಸ ಕರವನ್ನಾಗಲಿ ಬಿಟ್ಟಿಯನ್ನಾಗಲಿ ಹೇರದೆ ಸ್ವಂತ ಕೋಶದಿಂದಲೇ ಮಾಡಿಸಿದುದಾಗಿ ರುದ್ರದಾಮನು ಹೇಳಿಕೊಂಡಿದ್ದಾನೆ. ಮೂರು ಶತಮಾನಗಳಾದ ಮೇಲೆ, ಗುಪ್ತ ವರ್ಷ ೧೩೬ರಲ್ಲಿ, ಅದು ಪುನಃ ಒಡೆಯಿತು. ಸ್ಕಂದಗುಪ್ತನ ಅಧಿಕಾರಿಯಾದ ಪರ್ಣದತ್ತನ ಮಗ ಚಕ್ರಪಾಲಿತನು ಮರುವರ್ಷ ಎರಡು ತಿಂಗಳೊಳಗೆ ಕಟ್ಟಿಸಿದನು. ಮೌರ್ಯ, ಕ್ಷತ್ರಪ, ಗುಪ್ತ ಎಂದು ಮನೆತನಗಳು ಬದಲಾದರೂ ಗಿರ್ನಾರಿಗೆ ಒಂದು ಕಾಲದಲ್ಲಿ ಒಬ್ಬನೇ ಒಡೆಯನಿದ್ದನು. ಅದರಿಂದ ಕೆರೆಯು ಅಷ್ಟು ಕಾಲ ಬಾಳಿತು.

ಕನ್ನಡ ಶಾಸನಗಳು ಈ ಪ್ರಶ್ನೆಗೆ ಬೇರೊಂದು ದಾರಿಯನ್ನು ತೋರಿಸುತ್ತವೆ. ಬಿತ್ತುವಟ್ಟ, ದಸವಂದ, ಕಟ್ಟುಕೊಡಗೆ ಎಂಬ ಮಾತುಗಳನ್ನು ಹಳಗನ್ನಡದ ಉಪಾಧ್ಯಾಯರು ಕೋಶವನ್ನು ನೋಡಿ ಅರ್ಥ ಹೇಳಿ ಮುಂದೆ ಹೋಗುವುದುಂಟು. ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಯುವವನಿಗೆ ಆ ಕೆರೆಯ ಕೆಳಗಣ ನೆಲದಲ್ಲಿಯೇ, ಇಲ್ಲವೆ ಅದರ ಫಲದಲ್ಲಿಯೇ, ಪಾಲನ್ನು ಗೊತ್ತುಮಾಡುವ ವ್ಯವಸ್ಥೆಯು ಇವುಗಳ ಹಿಂದಿದೆ. ಹರಿಹರದ ಶಾಸನಗಳಲ್ಲಿ ಇದು ಇನ್ನೂ ವಿಶದವಾಗಿದೆ. ೧೪೧೦ರಲ್ಲಿ, ಮೊದಲನೆಯ ದೇವರಾಯನ ಕಾಲದಲ್ಲಿ, ಹರಿದ್ರಾ ನದಿಗೆ ಅಲ್ಲಿನ ಬ್ರಾಹ್ಮಣರು ತಮ್ಮ ವೆಚ್ಚದಿಂದ ಕಟ್ಟೆಯನ್ನು ಹಾಕಿ ಹರಿಹರದೇವರ ಭೂಮಿಯಲ್ಲಿ ಕಾಲುವೆಯನ್ನು ತಂದರು. ನೀರು ಹರಿಯುವ ನೆಲದಲ್ಲಿ ದೇವರಿಗೆ ಎರಡು ಪಾಲು, ಬ್ರಾಹ್ಮಣರಿಗೆ ಒಂದು ಪಾಲು ಎಂದು ನಿಷ್ಕರ್ಷೆಯಾಯಿತು. ಅಲ್ಲಿ ಸೀಮೆಯೂ ಉಂಟು, ಇಬ್ಬರು ಒಡೆಯರೂ ಉಂಟು. ಆದರೆ ಪಾಲು ಕಲ್ಲಿನ ಮೇಲೆ ಬರೆಯಲ್ಪಟ್ಟುದರಿಂದ ದೋಷವು ಕಾಣಲಿಲ್ಲ. ಆ ಕಟ್ಟೆಯು ಕೆಲವು ವರ್ಷಗಳಲ್ಲಿಯೇ ಒಡೆಯಿತು. ೧೪೨೪ರಲ್ಲಿ ಎರಡನೆಯ ದೇವರಾಯನ ಅಧಿಕಾರಿಯಾದ ಚಾಮನೃಪನ ಧನದಿಂದ ಅದು ಮತ್ತೆ ನಿಂತಿತು. ಶಾಸ್ತ್ರವು ಸೀಮೆಯನ್ನು ದೋಷವೆಂದು ಬಿಟ್ಟರೆ, ವ್ಯವಹಾರವು ಅದನ್ನು ಬರಹದಿಂದ ತೊಡೆಯಲೆತ್ನಿಸಿತು. ಪಾಲನ್ನು ಬರೆಯದೆ ಬಿಟ್ಟುದೇ ದೋಷವಲ್ಲದೆ ಸೀಮೆಯೆಂಬುದು ಸ್ವತಃ ದೋಷವಲ್ಲವೆಂದು ಇದರಿಂದ ಹೇಳಬಹುದು.

ಆಧುನಿಕ ಸರಕಾರಗಳ ಜಲಯೋಜನೆಗಳಲ್ಲಿ ಈ ಮಾತು ಪುನಃ ಪುನಃ ಪರೀಕ್ಷೆಗೆ ಬಂದಿದೆ. ೧೮೯೨ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದಂತೆ ಮೈಸೂರು ಗೊತ್ತಾದ ನದಿಗಳಿಗೆ ಹೊಸ ಕಟ್ಟೆಯನ್ನು ಹಾಕಬೇಕಾದರೆ ಮದರಾಸಿನ ಒಪ್ಪಿಗೆ ಬೇಕು. ಮದರಾಸಾದರೋ ಈಗಾಗಲೇ ಪ್ರಾಪ್ತವಾದ ಹಕ್ಕಿನ ರಕ್ಷಣೆಗಲ್ಲದೆ ಒಪ್ಪಿಗೆಯನ್ನು ನಿರಾಕರಿಸಕೂಡದು. ಮೇಲೆ ಕಟ್ಟಿದುದು ಕೆಳಗಣ ಹಳೆಯದನ್ನು ತಡೆಯಕೂಡದೆಂಬ ಕೌಟಿಲ್ಯನ ವಿಧಿಯೇ ಇದು. ಮೂರು ವರ್ಷದ ಅಪವಾದವೊಂದು ಮಾತ್ರ ಇಲ್ಲಿಲ್ಲ. ಧರ್ಮಸ್ಥನ ಸ್ಥಾನವು ಮಾತ್ರ ಬಹುಕಾಲ ಬರಿದಾಗಿಯೇ ಇದ್ದಿತು. ೧೯೨೪ರ ಕಾವೇರಿ ಒಪ್ಪಂದವು ಆದ ಮೇಲೆಯೂ ವ್ಯಾಜ್ಯವು ಮುಗಿಯದೆ, ನ್ಯಾಯಾಧಿಕರಣವು ೧೯೯೦ರಲ್ಲಿ ಏರ್ಪಟ್ಟು, ಅದರ ಅಂತಿಮ ನಿರ್ಣಯವು ೨೦೦೭ರಲ್ಲಿ ಹೊರಬಿದ್ದು, ೨೦೧೮ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ೨೮೪.೭೫ ಟಿ.ಎಂ.ಸಿ., ತಮಿಳುನಾಡಿಗೆ ೪೦೪.೨೫ ಟಿ.ಎಂ.ಸಿ. ಎಂದು ಪಾಲನ್ನು ತಿದ್ದಿತು. ಪ್ರಾಧಿಕಾರವು ಹುಟ್ಟಿದುದು ಆ ವರ್ಷವೇ.

ಆದರೆ ಶಾಸನದ ಮಾತಿಗೆ ಅಕ್ಷರಶಃ ಉದಾಹರಣೆಯಾಗತಕ್ಕುದು ಕಾವೇರಿಯಲ್ಲ, ತುಂಗಭದ್ರೆ. ಬುಕ್ಕರಾಯನ ರಾಜಧಾನಿಯನ್ನು ತೊಳೆದು ಹರಿದ ನದಿಯು ಮುಂದೆ ಬ್ರಿಟಿಷರ ಮದರಾಸಿಗೂ ನಿಜಾಮನ ಹೈದರಾಬಾದಿಗೂ ಗಡಿಯಾಯಿತು. ೧೮೬೦ರಲ್ಲಿಯೇ ಸರ್ ಆರ್ಥರ್ ಕಾಟನ್ನರು ಅಲ್ಲಿ ಅಣೆಕಟ್ಟನ್ನು ಆಲೋಚಿಸಿದ್ದರು. ಕಲ್ಲು, ಬೆಟ್ಟ, ಬಯಲು, ಬರದ ನಾಡಿನ ಹಸಿವು, ಎಲ್ಲವೂ ಅನುಕೂಲವಾಗಿದ್ದುವು. ಮೂರನೆಯ ದೋಷವೊಂದು ಅಡ್ಡಬಂದಿತು. ಮದರಾಸಿಗೂ ಹೈದರಾಬಾದಿಗೂ ೧೯೪೪ರಲ್ಲಿ ಒಪ್ಪಂದವಾಗಿ, ೧೯೪೫ರ ಫೆಬ್ರವರಿಯಲ್ಲಿ ಒಂದು ದಡದಲ್ಲಿ ಮದರಾಸಿನ ಗವರ್ನರನೂ ಇನ್ನೊಂದು ದಡದಲ್ಲಿ ಬೇರಾರಿನ ರಾಜಕುಮಾರನೂ ಬೇರೆ ಬೇರೆ ಅಡಿಗಲ್ಲುಗಳನ್ನಿಟ್ಟರು. ಒಂದೇ ಕಟ್ಟೆಗೆ ಎರಡು ಅಡಿಗಲ್ಲು! ಅತ್ತ ಅರ್ಧವನ್ನು ಅವರೂ ಇತ್ತ ಅರ್ಧವನ್ನು ಇವರೂ ಕಟ್ಟಿಕೊಂಡು ಬಂದು ನಡುವೆ ಸೇರಿಸಿದರು. ೧೯೫೩ರಲ್ಲಿ ನೀರು ಬಿಟ್ಟಾಗ ಇಬ್ಬರು ಒಡೆಯರ ಪೈಕಿ ಒಬ್ಬನ ಆಳ್ವಿಕೆಯು ಮುಗಿದೇ ಹೋಗಿದ್ದಿತು. ಆ ವರ್ಷವೇ ತುಂಗಭದ್ರಾ ಮಂಡಳಿಯು ಏರ್ಪಟ್ಟಿತು. ೧೯೫೬ರ ರಾಜ್ಯಪುನರ್ವಿಂಗಡಣೆಯಿಂದ ಅಣೆಕಟ್ಟಿನ ಎರಡು ದಡಗಳೂ ಕನ್ನಡನಾಡಿಗೆ ಸೇರಿದುವು. ಆದರೂ ಮಂಡಳಿಯು ಉಳಿಯಿತು, ನೀರಿನ ಪಾಲು ಆಂಧ್ರಕ್ಕೂ ಇದ್ದುದರಿಂದ. ನೆಲದ ಮೇಲಿದ್ದ ಸೀಮೆಯು ಅಳಿದ ಮೇಲೆಯೂ ನೀರಿನಲ್ಲಿದ್ದ ಸೀಮೆಯು ಅಳಿಯಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ವಿಜಯನಗರದ ಅರಸರ ಕಾಲದ ಹಳೆಯ ಕಾಲುವೆಗಳಿಗೂ ಈ ಜಲಾಶಯದ ಲೆಕ್ಕದಿಂದಲೇ ನೀರು.

ನಾಲ್ಕನೆಯ ದೋಷವೂ ಇದಕ್ಕೆ ತಪ್ಪಲಿಲ್ಲ. ಆದಿಯಲ್ಲಿ ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು ೧೦೫ ಟಿ.ಎಂ.ಸಿ.ಗೆ ಇಳಿದಿದೆ. ಕೂರ್ಮವು ಹುಟ್ಟಿನಿಂದ ಬಂದುದಲ್ಲ, ಬೆಳೆದುದು, ಇಷ್ಟೇ ಭೇದ. ಕಳೆದುಹೋದ ನೀರನ್ನು ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯವನ್ನು ಕಟ್ಟಬೇಕೆಂದು ಕರ್ನಾಟಕವು ಸೂಚಿಸಿದಾಗ, ಪಾಲುದಾರರ ಒಪ್ಪಿಗೆಯ ಪ್ರಶ್ನೆಯೇ ಮೊದಲು ಎದ್ದಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ, ಜಲಾಶಯವು ತುಂಬಿದ್ದಾಗ, ೩೩ ತೂಬುಬಾಗಿಲುಗಳಲ್ಲಿ ೧೯ನೆಯದರ ಸರಪಳಿಯು ಕಡಿದು ಬಾಗಿಲು ಕೊಚ್ಚಿಹೋಯಿತು. ಸುದರ್ಶನದಲ್ಲಿ ಬೇಡವೆಂದ ಮಂತ್ರಿಗಳಂತೆ ಇಲ್ಲಿ ಯಾರೂ ಹೇಳಲಿಲ್ಲ. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ತಡೆಯನ್ನು ಸುಮಾರು ಒಂದು ವಾರದೊಳಗೆ ಇಳಿಸಲಾಯಿತು. ಅದಕ್ಕೆ ಮೊದಲು, ಸರಪಳಿಯನ್ನು ನೋಡಿಕೊಳ್ಳಬೇಕಾಗಿದ್ದವರು ಯಾರೆಂದು ಪಕ್ಷಪ್ರತಿಪಕ್ಷಗಳಲ್ಲಿ ವಾದ ನಡೆಯಿತು. ಮಂಡಳಿಯು ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಸೇರಿದುದೆಂಬುದು ಆ ವಾದದಲ್ಲಿ ಒಬ್ಬರಿಗೆ ಉತ್ತರವಾಯಿತು, ಇನ್ನೊಬ್ಬರಿಗೆ ಪ್ರಶ್ನೆಯಾಯಿತು.