ಖಾನಾಪುರದ ಸಿದ್ದಿ ಹೆಣ್ಣುಮಕ್ಕಳು ಮತ್ತು ಹದಿನೇಳು ವರ್ಷಗಳ ಗೆರೆ

2003ರಲ್ಲಿ ಕರ್ನಾಟಕದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಆದರೆ ಕಾಯ್ದೆ ಅವರ ಹೆಸರಿನ ಪಕ್ಕದಲ್ಲೇ ಒಂದು ಷರತ್ತು ಇಟ್ಟಿತ್ತು: ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಹಳಿಯಾಳದ ಸಿದ್ದಿಗೆ ಪ್ರಮಾಣಪತ್ರ ಸಿಕ್ಕಿತು, ಗಡಿಗೆ ಗಡಿ ಹೊಂದಿಕೊಂಡ ಬೆಳಗಾವಿ ಜಿಲ್ಲೆಯ ಖಾನಾಪುರದ ಸಿದ್ದಿಗೆ ಸಿಗಲಿಲ್ಲ. ಎರಡೂ ಕಡೆಯವರು ಒಂದೇ ಮೂಲದವರು, ಹೆಣ್ಣು ಕೊಟ್ಟು ತರುವ ಬೀಗರು.

ಇವರ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅಹಮದ್‌ನಗರದ ಮಲಿಕ್ ಅಂಬರ್, ಬಿಜಾಪುರದ ಇಖ್ಲಾಸ್ ಖಾನ್ ಅವರಂಥ ಆಫ್ರಿಕನ್ ಮೂಲದ ಸೇನಾನಿಗಳಿಗೆ ಚರಿತ್ರೆಯ ಪುಸ್ತಕದಲ್ಲಿ ಜಾಗವಿದೆ. ಕಾಡಂಚಿನಲ್ಲಿ ಸೌದೆ ಹೊತ್ತು, ಕೂಲಿ ಮಾಡಿ ಸಂಸಾರ ನಡೆಸಿದ ಹೆಂಗಸರ ಹೆಸರು ಯಾವ ದಫ್ತರಕ್ಕೂ ಏರಲಿಲ್ಲ.

ಪಟ್ಟಿಯಿಂದ ಹೊರಗುಳಿದದ್ದರ ಪೆಟ್ಟು ಎಲ್ಲಿ ಬಿತ್ತು? 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿದ್ದೇವೆಂದು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕು. ಕಾಗದಪತ್ರವೇ ಇಲ್ಲದ ಸಮುದಾಯ ಅದನ್ನು ಎಲ್ಲಿಂದ ತರಬೇಕು? ದಂಪತಿಯಿದ್ದರೆ ಹಕ್ಕುಪತ್ರ ಇಬ್ಬರ ಹೆಸರಲ್ಲೂ ಆಗಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಹೀಗಾಗಿ ಪುರಾವೆ ಇಲ್ಲವೆಂದು ಅರ್ಜಿ ಬಿದ್ದುಹೋದರೆ ಹೆಂಡತಿಗೆ ಬರಬೇಕಿದ್ದ ಭೂಮಿಯ ಹಕ್ಕೂ ಹೋದಂತೆ. ಇನ್ನೊಂದು ತೊಡಕೂ ಇತ್ತು. ಮಕ್ಕಳ ಜಾತಿಯನ್ನು ಸಾಮಾನ್ಯವಾಗಿ ತಂದೆಯಿಂದಲೇ ಗುರುತಿಸುವ ರೂಢಿಯಲ್ಲಿ, ಹಳಿಯಾಳದಿಂದ ಖಾನಾಪುರಕ್ಕೆ ಮದುವೆಯಾಗಿ ಬಂದ ತಾಯಿಯ ಪ್ರಮಾಣಪತ್ರ ಅವಳ ಮಕ್ಕಳ ನೆರವಿಗೆ ಬರುವಂತಿರಲಿಲ್ಲ.

ಅಮೆರಿಕದ ಒಂದು ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ಜನರಲ್ ಮೋಟಾರ್ಸ್ ವಿರುದ್ಧ ಐವರು ಕಪ್ಪು ಮಹಿಳೆಯರು ಹೂಡಿದ್ದ ದಾವೆಯಲ್ಲಿ, 1976ರಲ್ಲಿ, ನ್ಯಾಯಾಲಯ ಜನಾಂಗ ಮತ್ತು ಲಿಂಗದ ತಾರತಮ್ಯವನ್ನು ಕೂಡಿಸಿ ನೋಡಲು ಒಪ್ಪಲಿಲ್ಲ. ಕಂಪನಿ ಹೆಂಗಸರನ್ನು ನೇಮಿಸಿಕೊಂಡಿತ್ತು, ಅವರು ಬಿಳಿಯರು. ಕರಿಯರನ್ನೂ ನೇಮಿಸಿಕೊಂಡಿತ್ತು, ಅವರು ಗಂಡಸರು. 1989ರಲ್ಲಿ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಈ ತೀರ್ಪನ್ನೇ ಹಿಡಿದು, ಎರಡು ಅನ್ಯಾಯಗಳು ಕೂಡುವ ಜಾಗ ಕಾನೂನಿಗೆ ಕಾಣುತ್ತಿಲ್ಲ ಎಂದು ವಾದಿಸಿದರು.

ಭಾರತದ ಸಂವಿಧಾನಕ್ಕೆ ಆ ಜಾಗ ಕಂಡಿತ್ತು ಎಂಬುದನ್ನು ಒತ್ತಿ ಹೇಳಬೇಕು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಲ್ಲಿ ಪರಿಶಿಷ್ಟರಿಗೆ ಮೀಸಲಾದ ಸ್ಥಾನಗಳ ಒಳಗೇ ಮೂರನೇ ಒಂದರಷ್ಟಾದರೂ ಆ ಸಮುದಾಯಗಳ ಮಹಿಳೆಯರಿಗೆ ಕೊಟ್ಟಿತು. ಖಾನಾಪುರದ ಸಿದ್ದಿ ಮಹಿಳೆಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ, ಅವಳ ಜಿಲ್ಲೆಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಜಿಲ್ಲಾ ಕೇಂದ್ರವಾದ ಬೆಳಗಾವಿ ನಗರದಲ್ಲಿ ಮಾತ್ರ ಅಸ್ಮಿತೆ ಎಂದರೆ ಭಾಷೆ. 1956ರ ರಾಜ್ಯ ಪುನರ್‌ವಿಂಗಡಣೆ, ಗಡಿ ವಿವಾದದ ಬಗ್ಗೆ 1967ರ ಮಹಾಜನ್ ವರದಿ, ಅದೇ ವಿವಾದವನ್ನು ಕುರಿತು 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಒಯ್ದ ದಾವೆ, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ: ಎಲ್ಲವೂ ಕನ್ನಡ-ಮರಾಠಿ ಎಂಬ ಎರಡೇ ಕೋಣೆಗಳಲ್ಲಿ ಕೂತಿವೆ. ಕೊಂಕಣಿ, ಕನ್ನಡ, ಮರಾಠಿ, ಉರ್ದುಗಳ ನಡುವೆ ಬದುಕುವ, ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮಗಳಲ್ಲಿ ಹರಡಿರುವ ಸಿದ್ದಿಗಳು ಈ ಲೆಕ್ಕಕ್ಕೆ ಸಿಗುವವರಲ್ಲ. ಗಡಿಯ ಹೋರಾಟದಷ್ಟೇ ಗಂಭೀರವಾಗಿ ಈ ಪಟ್ಟಿಯ ಪ್ರಶ್ನೆಯನ್ನೂ ಜಿಲ್ಲೆ ಕೈಗೆತ್ತಿಕೊಳ್ಳಬೇಕಿತ್ತು.

ಹೊರಗಿನವರ ಕಣ್ಣಿಗೆ ಸಿದ್ದಿಗಳು ಬಿದ್ದದ್ದು ಬೇರೆ ಕಾರಣಗಳಿಗೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕನ್ ಮೂಲದ ಮೈಕಟ್ಟನ್ನು ನಂಬಿ ಸಿದ್ದಿ ಹುಡುಗ-ಹುಡುಗಿಯರನ್ನು ತರಬೇತಿಗೆ ಆರಿಸಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಹೆಂಗಸರ ಕೈಕೆಲಸಕ್ಕೆ ಮನ್ನಣೆ ಬಂದದ್ದು ಕೌದಿಯಿಂದ. ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದು, ನಾಲ್ಕು ಮೂಲೆಗೆ ‘ಫೂಲ’ (ಹೂವು) ಕೂರಿಸಿದರೆ ಮಾತ್ರ ಅವರ ಕೌದಿ ಪೂರ್ತಿಯಾದಂತೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದಿಂದಾಗಿ 2011ರಲ್ಲಿ ಉತ್ತರ ಕರ್ನಾಟಕದ ಸಿದ್ದಿ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಆ ವರ್ಷವೂ ಖಾನಾಪುರದ ಸಿದ್ದಿಗಳು ಪಟ್ಟಿಯ ಹೊರಗೇ ಇದ್ದರು.

ಪಂಗಡಗಳ ಪಟ್ಟಿಗೆ ಆದ 2020ರ ತಿದ್ದುಪಡಿ ಸಿದ್ದಿಗಳ ಹೆಸರಿನ ಪಕ್ಕಕ್ಕೆ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳನ್ನೂ ಸೇರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅವರು. ವಿಧಾನಸಭೆಯ ಮಾತಿಗೆ ಬಂದರೆ, ಖಾನಾಪುರ ಸಾಮಾನ್ಯ ಕ್ಷೇತ್ರ, ಬೆಳಗಾವಿ ಜಿಲ್ಲೆಯಲ್ಲಿ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ ಯಮಕನಮರಡಿ ಒಂದೇ. ಹಾಗಾಗಿ ಖಾನಾಪುರದ ಸಿದ್ದಿ ಮಹಿಳೆಗೆ ಸದ್ಯ ಹತ್ತಿರದ ದಾರಿ ಗ್ರಾಮ ಪಂಚಾಯಿತಿಯ ಮೀಸಲು ಸ್ಥಾನ. ಅಲ್ಲಿಗೆ ನಾಮಪತ್ರ ಸಲ್ಲಿಸುವಾಗ ತಹಶೀಲ್ದಾರರ ಕಚೇರಿ ಕೊಟ್ಟ ಜಾತಿ ಪ್ರಮಾಣಪತ್ರ ಅವಳ ಕೈಯಲ್ಲಿರಬೇಕು.