ಅಜ್ಜಿ ಮನೆ ಸ್ವಿಚ್ ಯಾಕೆ ಜುಮ್ ಅನ್ನುತ್ತೆ?

ಇವತ್ತಿನ ಇತಿಹಾಸ ಒಂದು ಸ್ವಿಚ್‌ನಿಂದ ಶುರುವಾಗುತ್ತೆ.

ಹೊಳಲ್ಕೆರೆ ಹತ್ತಿರ ನಮ್ಮಜ್ಜಿಯದು ಮಣ್ಣಿನ ಗೋಡೆಯ ಮಾಳಿಗೆ ಮನೆ. ಇರೋದು ಅಜ್ಜಿ ಒಬ್ಬರೇ. ಕಳೆದ ಮಳೆಗಾಲದಲ್ಲಿ ಹೋದಾಗ ನಡುಮನೆ ಸ್ವಿಚ್ ಮುಟ್ಟಿದೆ, ಮೊಣಕೈವರೆಗೂ ಜುಮ್ ಅಂತು. ಅಜ್ಜಿ ಒಲೆ ಮುಂದೆ ಕೂತೇ ಹೇಳಿದ್ರು: "ಏನಾಗಲ್ಲ ಬಿಡವ್ವ, ಮಳೆಗಾಲದಾಗೆ ಅದು ಹಂಗೇ. ಒಣಗಿದ ಬಟ್ಟೆ ಹಿಡಕಂಡು ಒತ್ತು."

ಆ ಗೋಡೆಗೆ ಕರೆಂಟ್ ಬಂದದ್ದು ಹೇಗೆ ಅಂತ ಹುಡುಕುತ್ತಾ ಹೋದೆ.

ನಮ್ಮ ಜಿಲ್ಲೆಯ ಹಿರಿಯೂರಿನ ಮಾರಿಕಣಿವೆ, ಅಂದ್ರೆ ವಾಣಿವಿಲಾಸ ಸಾಗರ, ಮತ್ತು ಕಾವೇರಿಯ ಶಿವನಸಮುದ್ರ ವಿದ್ಯುತ್ ಯೋಜನೆ, ಎರಡಕ್ಕೂ ಚಾಲನೆ ಸಿಕ್ಕಿದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಅವರು 1901ರಲ್ಲಿ ತೀರಿಕೊಂಡರು. ಎರಡೂ ಮುಗಿದದ್ದನ್ನು ನೋಡಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. 1907ರಲ್ಲಿ ಮಾರಿಕಣಿವೆ ಮುಗಿಯಿತು, ಆದ್ರೆ ಅದು ಕೊಟ್ಟಿದ್ದು ನೀರು. ಮೊದಲು ಗಣಿ, ಆಮೇಲೆ ನಗರ. ಹಳ್ಳಿಗಳಲ್ಲಿ ಇನ್ನೂ ಬುಡ್ಡಿದೀಪ, ಲಾಟೀನು. ಅಜ್ಜಿ ಮನೆ ಗೋಡೇಲಿ ದೀಪದ ಗೂಡು ಈಗಲೂ ಇದೆ, ಮಸಿ ಸಮೇತ.

1957ರಲ್ಲಿ ರಾಜ್ಯಕ್ಕೆ ವಿದ್ಯುತ್ ಮಂಡಳಿ ಬಂತು. ಆಗ ಮುಖ್ಯಮಂತ್ರಿ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದ್ದ ಎಸ್. ನಿಜಲಿಂಗಪ್ಪ. ಮುಂದೆ ಕಂಬಗಳು ಹಳ್ಳಿ ಹಳ್ಳಿಗೂ ಹೋದವು. 1979ರ ಸುಮಾರಿಗೆ ಶುರುವಾದ ಭಾಗ್ಯಜ್ಯೋತಿ, ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕ ಕೊಟ್ಟಿತು. ಇವತ್ತು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿ, ನಮ್ಮ ಜಿಲ್ಲೆಯೇ ಕರೆಂಟ್ ಕಳಿಸುತ್ತೆ.

ಆದ್ರೆ ಮನೆಯೊಳಗಿನ ವೈರು? ಅದು ಹಾಕಿದಲ್ಲೇ ಉಳಿದಿದೆ.

ಚಿತ್ರದುರ್ಗ, ಹೊಸದುರ್ಗದ ಹಳೇ ಮನೆಗಳಲ್ಲಿ ನೀವೂ ನೋಡಿರ್ತೀರಿ: ಗೋಡೆ ಮೇಲೆ ಮರದ ಪಟ್ಟಿ, ಅದಕ್ಕೆ ತಗಡಿನ ಕ್ಲಿಪ್ ಹೊಡೆದ ವೈರು, ಕಪ್ಪು ದುಂಡು ಸ್ವಿಚ್, ಪಿಂಗಾಣಿ ಫ್ಯೂಸ್. ಹಳೇ ವೈರಿನ ರಬ್ಬರ್ ಹೊದಿಕೆ ವರ್ಷಗಳು ಕಳೆದಂತೆ ಒಣಗಿ ಬಿರುಕು ಬಿಡುತ್ತೆ. ಮಳೆ ಬಂದು ಗೋಡೆ ನೆನೆದ್ರೆ ಕರೆಂಟ್ ಅಲ್ಲಿಂದ ಸೋರುತ್ತೆ. ಅಜ್ಜಿಯ "ಹಂಗೇ" ಅನ್ನೋದರ ಅರ್ಥ ಇದು. ಎಷ್ಟೋ ಕಡೆ ಎರಡು ಪಿನ್ನಿನ ಸಾಕೆಟ್, ಅರ್ಥಿಂಗ್ ಇಲ್ಲವೇ ಇಲ್ಲ. ಕೆಲವು ಮನೇಲಿ ನ್ಯೂಟ್ರಲ್‌ಗೂ ಫ್ಯೂಸ್. ಅದೊಂದೇ ಸುಟ್ಟರೆ ಬಲ್ಬ್ ಆರುತ್ತೆ, ಫೇಸ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತೆ. ಕತ್ತಲಾಗಿದೆ ಅಂತ ಕೈ ಹಾಕಿದ್ರೆ ಕಥೆ ಮುಗೀತು.

ನಾನು ಬಿ.ಕಾಂ. ಓದಿದವಳು, ಲೆಕ್ಕ ಹಾಕದೆ ಇರಕ್ಕಾಗಲ್ಲ. 40 ವ್ಯಾಟ್ ಬಲ್ಬ್ 230 ವೋಲ್ಟ್‌ನಲ್ಲಿ ಎಳೆಯೋದು ಸುಮಾರು 0.17 ಆಂಪ್ಸ್. 2000 ವ್ಯಾಟ್ ಗೀಸರ್ 8.7 ಆಂಪ್ಸ್. ಕರೆಂಟ್ 50 ಪಟ್ಟು. ಅದೇ ವೈರಿನಲ್ಲಿ ಹುಟ್ಟುವ ಬಿಸಿ 50 ಪಟ್ಟಲ್ಲ, 50ರ ವರ್ಗ: 2500 ಪಟ್ಟು! 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ ಇಲ್ಲ, ಒಳ್ಳೇದೇ. ಆದ್ರೆ ಬಲ್ಬಿಗೆ ಹಾಕಿದ ವೈರಿಗೆ ಬಿಲ್ ಮನ್ನಾ ಆಗಿದ್ದು ಗೊತ್ತಾಗಲ್ಲ. ಬಾಲನ್ಸ್ ಶೀಟಲ್ಲಿ ಬರೆಯದಿದ್ರೂ ವೈರಿಂಗ್‌ಗೂ ಸವಕಳಿ ಇದೆ.

ಅಜ್ಜಿನ ಒಪ್ಪಿಸೋಕೆ ಎರಡು ಹಬ್ಬ ಬೇಕಾಯ್ತು. "ನಲವತ್ತು ವರ್ಷ ಏನೂ ಆಗಿಲ್ಲ" ಅನ್ನೋರು. ಕೊನೆಗೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಬಂದು ಪಟ್ಟಿ ಕಿತ್ತಾಗ, ಒಳಗಿನ ರಬ್ಬರ್ ಒಣಗಿದ ರೊಟ್ಟಿ ಹಾಗೆ ಪುಡಿಪುಡಿಯಾಗಿ ಅಜ್ಜಿ ಅಂಗೈ ಮೇಲೆ ಉದುರಿತು. ಅವರು ಮಾತಾಡಲಿಲ್ಲ. ಹೊಸ ತಾಮ್ರದ ವೈರು, ಹಿತ್ತಲಲ್ಲಿ ಅರ್ಥಿಂಗ್ ಗುಂಡಿ, 30 ಮಿಲಿ ಆಂಪ್ಸ್ ಸೋರಿದ್ರೆ ಕ್ಷಣದಲ್ಲಿ ಕರೆಂಟ್ ಕಡಿಯುವ ಆರ್‌ಸಿಸಿಬಿ, ಎಲ್ಲ ಬಂತು.

ದೀಪದ ಗೂಡಿಗೆ ಮಾತ್ರ ಸಿಮೆಂಟ್ ಮೆತ್ತಲು ಬಿಡಲಿಲ್ಲ. ಈಗ ಅಲ್ಲಿ ನನ್ನ ಫೋನ್ ಚಾರ್ಜ್‌ಗೆ ಇಡ್ತೀನಿ.

ಈ ವಾರ ನಿಮ್ಮಜ್ಜಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ಇದನ್ನೂ ಕೇಳಿ: "ಅಜ್ಜಿ, ಸ್ವಿಚ್ ಜುಮ್ ಅನ್ನುತ್ತಾ?" ಹೂಂ ಅಂದ್ರೆ, ಮುಂದಿನ ಮಳೆವರೆಗೂ ಕಾಯಬೇಡಿ. ಸಿಗೋಣ.